ಏಳು ನಿಮಿಷದ ಲೆಕ್ಕ

ಮಗಳು ಸ್ಕೀ ರೇಸಿಂಗ್ ತರಬೇತಿಗೆ ಸೇರಿದ ಮೊದಲ ಚಳಿಗಾಲದಲ್ಲಿ, ಮಾಡಲು ಬೇರೆ ಕೆಲಸವಿಲ್ಲದ ಒಂದು ಬೆಳಿಗ್ಗೆ, ನಾನು ಇಳಿಜಾರಿನ ಬುಡದಲ್ಲಿ ನಿಂತು ಅವಳ ಸಮಯದ ಲೆಕ್ಕ ಹಾಕಿದೆ. ತರಬೇತಿ ಮೂರೂವರೆ ಗಂಟೆಯದು. ಅಷ್ಟರಲ್ಲಿ ಅವಳು ಗೇಟುಗಳ, ಅಂದರೆ ದಾರಿ ತೋರಲು ಹಿಮದಲ್ಲಿ ನೆಟ್ಟ ಕಂಬಗಳ, ನಡುವೆ ಇಳಿದದ್ದು ಹನ್ನೊಂದು ಸಲ, ಸಲಕ್ಕೆ ಸುಮಾರು 38 ಸೆಕೆಂಡು. ಎಲ್ಲ ಕೂಡಿದರೆ ಏಳು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ಉಳಿದ ಸಮಯವೆಲ್ಲ ಲಿಫ್ಟಿನ ಸಾಲಿನಲ್ಲಿ, ಲಿಫ್ಟಿನ ಮೇಲೆ, ಸ್ಟಾರ್ಟಿನ ಬಳಿ ಬೆರಳು ಉಜ್ಜಿಕೊಳ್ಳುತ್ತ ಸರದಿ ಕಾಯುವುದರಲ್ಲಿ, ಕಂಬ ಹೊರುವುದರಲ್ಲಿ, ಬೇರೆ ಮಕ್ಕಳು ಇಳಿಯುವುದನ್ನು ನೋಡುವುದರಲ್ಲಿ ಕಳೆದುಹೋಗಿತ್ತು. ಇಷ್ಟು ದುಡ್ಡು ಸುರಿದು, ಇಷ್ಟು ಬೇಗ ಎದ್ದು, ಇಷ್ಟು ಚಳಿಯಲ್ಲಿ ನಿಂತದ್ದು ಏಳು ನಿಮಿಷಕ್ಕಾಗಿಯೇ ಎಂದು ಆ ದಿನ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಯಾವುದನ್ನು ಕೂಡಬೇಕು, ಯಾವುದನ್ನು ಕಳೆಯಬೇಕು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ನಾನು ಸ್ಕೀ ಕಟ್ಟಿಕೊಂಡು ಬೆಳೆದವನಲ್ಲ. ಬೆಟ್ಟದ ಬುಡದಲ್ಲಿ ನಿಂತ ತಂದೆತಾಯಿಗಳಲ್ಲಿ ಅರ್ಧಕ್ಕರ್ಧ ಜನ ಒಂದು ಕಾಲದಲ್ಲಿ ತಾವೇ ರೇಸ್ ಮಾಡಿದವರು. ಅವರ ಮಾತು ಕೇಳಿಸಿಕೊಳ್ಳುತ್ತಲೇ ನಾನು ಈ ಭಾಷೆ ಕಲಿತೆ. ವಯೋವರ್ಗಗಳನ್ನು ಯು10, ಯು12, ಯು14, ಯು16 ಎಂದು ಕರೆಯುತ್ತಾರೆ; ಯು ಎಂದರೆ ಅಂಡರ್, ಅಷ್ಟು ವರ್ಷದೊಳಗಿನವರು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಲೆಕ್ಕದಲ್ಲಿ ಯು14 ಮತ್ತು ಯು16 ಮಕ್ಕಳ ವರ್ಗಗಳು. ಅದಕ್ಕಿಂತ ಚಿಕ್ಕವರನ್ನು ಆಯಾ ದೇಶಗಳು, ಆಯಾ ಕ್ಲಬ್ಬುಗಳು ತಮ್ಮದೇ ರೀತಿಯಲ್ಲಿ ನಡೆಸಿಕೊಳ್ಳುತ್ತವೆ. ಒಕ್ಕೂಟದ ಮಕ್ಕಳ ರೇಸುಗಳಲ್ಲಿ ಸ್ಲಾಲಮ್, ಜೈಂಟ್ ಸ್ಲಾಲಮ್, ಸೂಪರ್-ಜಿ ಇರುತ್ತವೆ, ಎಲ್ಲಕ್ಕಿಂತ ವೇಗದ ಡೌನ್‌ಹಿಲ್ ಇರುವುದಿಲ್ಲ. ಸ್ಲಾಲಮ್‌ನಲ್ಲಿ ಗೇಟುಗಳು ಒತ್ತೊತ್ತಾಗಿದ್ದು ತಿರುವುಗಳು ಚಿಕ್ಕವು. ಜೈಂಟ್ ಸ್ಲಾಲಮ್‌ನಲ್ಲಿ ಅವು ದೂರ ದೂರವಾಗಿ, ವೇಗ ಏರುತ್ತದೆ. ಸೂಪರ್-ಜಿಗೆ ಬಂದರೆ ವೇಗವೇ ಮುಖ್ಯ. ಚಿಕ್ಕ ಮಕ್ಕಳ ತರಬೇತಿಯಲ್ಲಿ ಈ ಮೂರರ ಹೆಸರೂ ಬಹಳ ದಿನ ಬರುವುದಿಲ್ಲ. ಅವರು ಬೆಟ್ಟವಿಡೀ ಓಡಾಡುತ್ತಾರೆ, ಅಷ್ಟೇ. ನಾನು ಅದನ್ನು ಆಟವೆಂದುಕೊಂಡಿದ್ದೆ.

ಕೋಚ್ ಮಾಡಿಸುತ್ತಿದ್ದ ಅಭ್ಯಾಸಗಳಲ್ಲಿ ಒಂದನ್ನು ಮಾತ್ರ ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಅದರ ಸುತ್ತಲೇ ಇದೆ. ಎಡಕ್ಕೆ ತಿರುಗುವಾಗ ದೇಹದ ಭಾರ ಬಲಗಾಲಿನ ಸ್ಕೀಯ ಮೇಲಿರಬೇಕು, ಬಲಕ್ಕೆ ತಿರುಗುವಾಗ ಎಡಗಾಲಿನದರ ಮೇಲೆ. ಅಂದರೆ ತಿರುವಿನ ಹೊರಬದಿಯ ಸ್ಕೀಯೇ ಭಾರ ಹೊರಬೇಕು. ಹೇಳುವುದಕ್ಕೆ ಇದು ಒಂದೇ ವಾಕ್ಯ. ಆದರೆ ಕಡಿದಾದ ಇಳಿಜಾರಿನಲ್ಲಿ ಹೆದರಿದ ಮಗುವಿನ ದೇಹ ಬೇಡುವುದು ಇದಕ್ಕೆ ತದ್ವಿರುದ್ಧವಾದದ್ದನ್ನು: ಕೆಳಗಿನ ಆಳದಿಂದ ದೂರ ಸರಿದು ಬೆಟ್ಟದ ಕಡೆಗೆ ವಾಲುವುದನ್ನು. ವಾಲಿದೊಡನೆ ಭಾರ ಒಳಬದಿಯ ಸ್ಕೀಗೆ ಹೋಗುತ್ತದೆ, ಹೊರಬದಿಯದರ ಅಂಚು ಹಿಮದ ಮೇಲಿನ ಹಿಡಿತ ಬಿಡುತ್ತದೆ, ಮಗು ಸೊಂಟದ ಮೇಲೆ ಬೀಳುತ್ತದೆ. ಬಿದ್ದ ಮೇಲೆ ಭಯ ಇನ್ನಷ್ಟು ಹೆಚ್ಚಿ ಮುಂದಿನ ತಿರುವಿನಲ್ಲಿ ಇನ್ನಷ್ಟು ವಾಲುತ್ತದೆ. ಕಣಿವೆಯ ಕಡೆಗೆ ಎದೆಯೊಡ್ಡಿದಷ್ಟೂ ಸ್ಕೀ ಗಟ್ಟಿಯಾಗಿ ಹಿಡಿಯುತ್ತದೆ ಎಂಬುದನ್ನು ಎಂಟು ವರ್ಷದ ಮಗುವಿಗೆ ಮಾತಿನಲ್ಲಿ ಒಪ್ಪಿಸಲಾಗದು. ಅದಕ್ಕಾಗಿ ಕೋಚ್ ಒಳಗಾಲನ್ನು ಎತ್ತಿಕೊಂಡು ತಿರುಗಿಸುತ್ತಿದ್ದರು. ಒಂದೇ ಸ್ಕೀಯ ಮೇಲೆ ಇಡೀ ಇಳಿಜಾರು ಇಳಿಸುತ್ತಿದ್ದರು. ಎರಡೂ ಊರುಗೋಲುಗಳನ್ನು ತಟ್ಟೆ ಹಿಡಿದಂತೆ ಅಡ್ಡ ಹಿಡಿಸಿ, ಅವು ಓರೆಯಾಗದಂತೆ ತಿರುಗಿ ಎನ್ನುತ್ತಿದ್ದರು. ಒಂದು ದಿನ ಬೂಟಿನ ಬಕಲ್‌ಗಳನ್ನೆಲ್ಲ ಬಿಚ್ಚಿಸಿ ಇಳಿಸಿದರು. ಬಿಗಿದ ಬೂಟಿಗೆ ಒರಗಿಕೊಂಡು ನಿಲ್ಲುವ ಚಾಳಿ ಆ ದಿನ ಒಬ್ಬರಿಗೂ ನಡೆಯಲಿಲ್ಲ; ಎಲ್ಲರೂ ತಮ್ಮ ಪಾದದ ಮೇಲೆ ತಾವೇ ನಿಲ್ಲಬೇಕಾಯಿತು.

ಈ ಅಭ್ಯಾಸಗಳಲ್ಲಿ ಯಾವುದಕ್ಕೂ ಗೇಟು ಬೇಕಿಲ್ಲ. ಆದ್ದರಿಂದಲೇ ನನ್ನ ಏಳು ನಿಮಿಷದ ಲೆಕ್ಕದಲ್ಲಿ ಅವು ಸೇರಿರಲಿಲ್ಲ.

ದೊಡ್ಡ ಬೆಟ್ಟವಿದ್ದರೆ ಮಾತ್ರ ದೊಡ್ಡ ಓಟಗಾರರು ಹುಟ್ಟುತ್ತಾರೆ ಎಂಬ ಇನ್ನೊಂದು ನಂಬಿಕೆಯೂ ನನಗಿತ್ತು. ಡೌನ್‌ಹಿಲ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಲಿಂಡ್ಸೆ ವಾನ್ ಬಾಲ್ಯದಲ್ಲಿ ಕಲಿತದ್ದು ಅಮೆರಿಕದ ಮಿನೆಸೋಟದ ಬಕ್ ಹಿಲ್ ಎಂಬಲ್ಲಿ. ಅದರ ಎತ್ತರ ನೂರು ಮೀಟರ್ ಕೂಡ ಇಲ್ಲ. ಸ್ವೀಡನ್ನಿನ ಟಾರ್ನಾಬಿ ಒಂದು ಚಿಕ್ಕ ಹಳ್ಳಿ. ಇಂಗೆಮಾರ್ ಸ್ಟೆನ್‌ಮಾರ್ಕ್ ಬೆಳೆದದ್ದು ಅಲ್ಲಿ, ಒಲಿಂಪಿಕ್ ಚಿನ್ನ ಗೆದ್ದ ಆನ್ಯಾ ಪಾರ್ಸನ್ ಬೆಳೆದದ್ದೂ ಅಲ್ಲಿಯೇ. ಸ್ಟೆನ್‌ಮಾರ್ಕ್ 1989ರಲ್ಲಿ ನಿವೃತ್ತರಾಗುವ ಹೊತ್ತಿಗೆ 86 ವಿಶ್ವಕಪ್ ರೇಸುಗಳನ್ನು ಗೆದ್ದಿದ್ದರು, ಮತ್ತು ಆ ಸಂಖ್ಯೆಯನ್ನು ದಾಟಲು 2023ರವರೆಗೆ ಯಾರಿಗೂ ಆಗಲಿಲ್ಲ. ಇದರಲ್ಲಿ ಪವಾಡವೇನಿಲ್ಲ. ಗುಡ್ಡ ಚಿಕ್ಕದಾದರೆ ಇಳಿಯುವ ಹೊತ್ತು ಕಡಿಮೆ, ನಿಜ. ಆದರೆ ಮತ್ತೆ ಮೇಲೇರುವ ಹೊತ್ತೂ ಕಡಿಮೆ. ಹಗ್ಗದ ಲಿಫ್ಟು ಹಿಡಿದು ಮೇಲಕ್ಕೆ, ತಿರುವುಗಳನ್ನು ಹಾಕುತ್ತ ಕೆಳಕ್ಕೆ, ಮತ್ತೆ ಹಗ್ಗ. ಸಂಜೆ ದೀಪದ ಬೆಳಕಿನಲ್ಲೂ ಅದೇ. ದೊಡ್ಡ ಬೆಟ್ಟದಲ್ಲಿ ಹನ್ನೊಂದು ಸಲ ಇಳಿಯುವ ಮಗು ಚಿಕ್ಕ ಗುಡ್ಡದಲ್ಲಿ ಅಷ್ಟೇ ಹೊತ್ತಿನಲ್ಲಿ ಅದರ ಎಷ್ಟೋ ಪಟ್ಟು ಇಳಿಯುತ್ತದೆ, ಮತ್ತು ಪ್ರತಿ ಸಲವೂ ಹೊಸದಾಗಿ ಹೊರಡಬೇಕಾಗುತ್ತದೆ.

ಸ್ಟೆನ್‌ಮಾರ್ಕ್ ದಾಖಲೆಯನ್ನು ಮುರಿದ ಮಿಕೇಲಾ ಶಿಫ್ರಿನ್ ಅವರ ಹೆಸರು ಬೆಟ್ಟದ ಬುಡದಲ್ಲಿ ನಿಂತ ತಂದೆತಾಯಿಗಳ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತದೆ. ಹದಿನಾರು ತುಂಬಲು ಎರಡು ದಿನವಿರುವಾಗ, 2011ರ ಮಾರ್ಚಿನಲ್ಲಿ, ಅವರು ಮೊದಲ ವಿಶ್ವಕಪ್ ರೇಸಿಗೆ ನಿಂತರು. 2014ರಲ್ಲಿ ಸೋಚಿಯಲ್ಲಿ ಹದಿನೆಂಟನೆಯ ವಯಸ್ಸಿಗೇ ಸ್ಲಾಲಮ್ ಚಿನ್ನ ಗೆದ್ದರು. 2025ರ ಫೆಬ್ರವರಿಯಲ್ಲಿ ನೂರನೆಯ ವಿಶ್ವಕಪ್ ಗೆಲುವು. ಈ ವರ್ಷ, ತಿಂಗಳುಗಳನ್ನು ಬಾಯಿಪಾಠ ಒಪ್ಪಿಸುವವರೇ, ಅವರು ಚಿಕ್ಕವರಾಗಿದ್ದಾಗ ರೇಸುಗಳಿಗಿಂತ ಅಭ್ಯಾಸಕ್ಕೆ ಹೆಚ್ಚು ಸಮಯ ಕೊಟ್ಟರು ಎಂಬುದನ್ನು ಮರೆತು, ವಾರವಾರವೂ ಮಗುವನ್ನು ಒಂದೊಂದು ರೇಸಿಗೆ ಕರೆದೊಯ್ಯುತ್ತಾರೆ. ರೇಸಿನ ದಿನವೆಂದರೆ ಮಗುವಿಗೆ ಸಿಗುವುದು ಎರಡು ಓಟ. ಎರಡೂ ಸೇರಿ ಎರಡು ನಿಮಿಷ. ಮೊದಲನೆಯದರಲ್ಲೇ ಬಿದ್ದರೆ ಅದೂ ಇಲ್ಲ. ಹಾಗೆ ನೋಡಿದರೆ ನಾನು ಸಿಟ್ಟಾಗಿದ್ದ ಏಳು ನಿಮಿಷವೇ ಧಾರಾಳ. ಲಕ್ಷಕ್ಕೊಬ್ಬರ ಕಥೆಯನ್ನು ಎಲ್ಲ ಮಕ್ಕಳಿಗೂ ಅಳತೆಗೋಲಾಗಿ ಹಿಡಿಯುವುದು ನನಗೆ ಒಪ್ಪಿತವಲ್ಲ. ಹಿಡಿಯಲೇಬೇಕಿದ್ದರೆ ಇಡಿಯಾಗಿ ಹಿಡಿಯಬೇಕು.

ಇನ್ನು ಬೂಟಿನ ವಿಷಯ. ಇಲ್ಲಿ ನಾನೇ ತಪ್ಪಿತಸ್ಥ. ಬೆಳೆಯುವ ಮಗು, ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಅಳತೆ ದೊಡ್ಡ ಬೂಟು ಕೊಡಿಸಿದ್ದೆ. ಶಾಲೆಯ ಷೂ ಕೊಳ್ಳುವ ಬುದ್ಧಿಯನ್ನೇ ಇಲ್ಲೂ ಉಪಯೋಗಿಸಿದ್ದೆ. ಎರಡನೆಯ ವಾರ ಕೋಚ್ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಬೂಟಿನ ಒಳಚೀಲವನ್ನು ಎಳೆದು ತೆಗೆದು, ಬರೀ ಪ್ಲಾಸ್ಟಿಕ್ ಚಿಪ್ಪಿನೊಳಗೆ ಅವಳ ಕಾಲಿರಿಸಿದರು. ಬೆರಳುಗಳು ಮುಂದಿನ ತುದಿಗೆ ತಾಗುವಂತೆ ಪಾದವನ್ನು ಸರಿಸಿ, ಹಿಮ್ಮಡಿಯ ಹಿಂದಿನ ಸಂದಿಯಲ್ಲಿ ತಮ್ಮ ಬೆರಳುಗಳನ್ನು ಇಳಿಸಿದರು. ಮೂರು ಬೆರಳು ಸರಾಗವಾಗಿ ಹೋದವು, ನಾಲ್ಕನೆಯದಕ್ಕೂ ಸ್ವಲ್ಪ ಜಾಗವಿತ್ತು. ಒಂದು ಬೆರಳು ಇರಬೇಕು, ಹೆಚ್ಚೆಂದರೆ ಎರಡು ಎಂದು ಅವರು ನನ್ನನ್ನು ನೋಡದೆಯೇ ಹೇಳಿದರು. ಸಡಿಲ ಬೂಟಿನೊಳಗೆ ಪಾದ ತಿರುಗಿದರೂ ಸ್ಕೀ ತಿರುಗದು. ಮಗು ಅದನ್ನು ಸರಿಪಡಿಸಲು ಬಕಲ್‌ಗಳನ್ನು ಕೊನೆಯ ಹಲ್ಲಿನವರೆಗೆ ಬಿಗಿಯುತ್ತದೆ, ಕಾಲಿಗೆ ರಕ್ತ ಹರಿಯದೆ ಬೆರಳುಗಳು ಮರಗಟ್ಟುತ್ತವೆ. ಪ್ರತಿದಿನ ಅವಳು "ಕಾಲು ಕೊರೀತಿದೆ ಅಪ್ಪ" ಎಂದಾಗ ದಪ್ಪ ಕಾಲುಚೀಲ ಹಾಕಿಸುತ್ತಿದ್ದ ನಾನು, ಆ ದಪ್ಪ ಕಾಲುಚೀಲದಿಂದ ರಕ್ತಕ್ಕೆ ಇದ್ದ ದಾರಿಯನ್ನೂ ಮುಚ್ಚುತ್ತಿದ್ದೆ. ಬೂಟು ಬದಲಾಯಿತು, ತೆಳ್ಳಗಿನ ಒಂದೇ ಕಾಲುಚೀಲ ಬಂತು, ಮತ್ತೆ ಆ ದೂರು ಬರಲಿಲ್ಲ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಇದಕ್ಕಿಂತ ಗಂಭೀರವಾದದ್ದು. ಬಿದ್ದಾಗ ಎಷ್ಟು ಬಲಕ್ಕೆ ಅದು ಕಳಚಿಕೊಳ್ಳಬೇಕೆಂಬುದನ್ನು ಮಗುವಿನ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ ಇವೆಲ್ಲವನ್ನೂ ನೋಡಿ ತಂತ್ರಜ್ಞರು ನಿಗದಿಪಡಿಸುತ್ತಾರೆ. ರೇಸಿನಲ್ಲಿ ಸ್ಕೀ ಕಳಚಿಕೊಂಡು ಓಟ ಹಾಳಾಯಿತೆಂದು ತಾನೇ ಸ್ಕ್ರೂಡ್ರೈವರ್ ಹಿಡಿದು ಬಿಗಿಮಾಡುವ ತಂದೆಯರನ್ನು ನಾನು ಕಂಡಿದ್ದೇನೆ. ಮಗುವಿನ ಮೊಣಕಾಲಿನ ಅಸ್ಥಿಬಂಧವನ್ನು ಪಣಕ್ಕಿಟ್ಟು ಒಂದು ರೇಸನ್ನು ಉಳಿಸಿಕೊಳ್ಳುವ ಆಟವದು. ಸ್ಕೀಯ ಅಡಿಗೆ ಹಚ್ಚುವ ಮೇಣದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಇಸ್ತ್ರಿಯಲ್ಲಿ ಕರಗಿಸಿ, ಆರಿದ ಮೇಲೆ ಹೆರೆದು, ಬ್ರಷ್ ಮಾಡುವ ಕೆಲಸವನ್ನು ಮಕ್ಕಳೇ ಕಲಿಯಬಲ್ಲರು. ಹಿಂದೆ ಶ್ರೀಮಂತ ಕ್ಲಬ್ಬುಗಳು ಬಳಸುತ್ತಿದ್ದ ದುಬಾರಿ ಫ್ಲೋರೀನ್ ಮೇಣವನ್ನು ಒಕ್ಕೂಟ 2023–24ರ ಋತುವಿನಿಂದ ಪೂರ್ತಿ ನಿಷೇಧಿಸಿದೆ, ಒಳ್ಳೆಯದೇ ಆಯಿತು.

ಎರಡನೆಯ ವರ್ಷ ಗೇಟುಗಳು ಹೆಚ್ಚಾದವು. ಆದರೆ ನಾನು ಟಿವಿಯಲ್ಲಿ ಕಂಡಿದ್ದ ಆಳೆತ್ತರದ ಕಂಬಗಳಲ್ಲ, ಮೊಣಕಾಲಿಗೂ ಬಾರದ ಗಿಡ್ಡ ಗೇಟುಗಳು. ಇದಕ್ಕೆ ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರಿಟಿಷ್ ಸ್ಕೀಗಾರ ಅರ್ನಾಲ್ಡ್ ಲನ್ 1922ರಲ್ಲಿ ಸ್ವಿಟ್ಜರ್‌ಲೆಂಡಿನ ಮ್ಯೂರನ್‌ನಲ್ಲಿ ಆಧುನಿಕ ಸ್ಲಾಲಮ್‌ನ ಮೊದಲ ಸ್ಪರ್ಧೆ ನಡೆಸಿದಾಗಲೂ, ಅನಂತರ ಹಲವು ದಶಕಗಳ ಕಾಲವೂ, ಕಂಬಗಳು ಬಗ್ಗದ ಗಟ್ಟಿ ಕಂಬಗಳಾಗಿದ್ದು, ಇಳಿಯುವವರು ದೇಹವನ್ನೂ ಸ್ಕೀಗಳನ್ನೂ ಅವುಗಳನ್ನು ಸುತ್ತಿಸಿ ತರಬೇಕಿತ್ತು. 1980ರ ದಶಕದ ಆರಂಭದಲ್ಲಿ ಬುಡದಲ್ಲಿ ಮಡಚಿ ಮತ್ತೆ ನೆಟ್ಟಗಾಗುವ ಕಂಬಗಳು ಬಂದವು. ಆಮೇಲೆ ಸ್ಕೀಗಳು ಮಾತ್ರ ಕಂಬದ ಹೊರಗೆ ಹೋದರೆ ಸಾಕಾಯಿತು. ಮೈ ನೇರವಾಗಿ ಬರುತ್ತದೆ, ಕೈಯೋ ಕಣಕಾಲಿನ ಕವಚವೋ ಕಂಬಕ್ಕೆ ಬಡಿದು ಅದನ್ನು ಮಲಗಿಸುತ್ತದೆ. ಆ ಬಡಿಯುವ ಸದ್ದು ಮಕ್ಕಳಿಗೆ ಎಲ್ಲಿಲ್ಲದ ಆಕರ್ಷಣೆ. ದೊಡ್ಡ ಕಂಬ ಕೊಟ್ಟರೆ ಅವರು ತಿರುಗುವುದನ್ನು ಬಿಟ್ಟು ಬಡಿಯಲು ಹೋಗುತ್ತಾರೆ: ಕೈ ಚಾಚಿ, ಭುಜ ತಿರುಚಿ, ಭಾರವನ್ನೆಲ್ಲ ಒಳಸ್ಕೀಗೆ ಹಾಕಿ. ವರ್ಷವಿಡೀ ಕಲಿತದ್ದು ಮೂರು ದಿನದಲ್ಲಿ ಕರಗುತ್ತದೆ. ಗಿಡ್ಡ ಗೇಟಿನಲ್ಲಿ ಬಡಿಯಲು ಏನೂ ಇಲ್ಲ; ತಿರುಗಬೇಕು, ಅಷ್ಟೇ.

ಅದೇ ವರ್ಷ ಕೋರ್ಸ್ ಗುಡಿಸುವ, ಅಂದರೆ ಗೇಟುಗಳ ದಾರಿಯನ್ನು ಸಮ ಮಾಡುವ, ಕೆಲಸದ ಅರ್ಥವೂ ನನಗೆ ಹೊಳೆಯಿತು. ನಾಲ್ಕೈದು ಮಕ್ಕಳು ಇಳಿದ ಮೇಲೆ ಗೇಟಿನ ಸುತ್ತ ಹಿಮ ಕೊರೆದು ಬಾಂಡಲೆಯಂಥ ಕುಳಿಗಳು ಬೀಳುತ್ತವೆ, ಅವುಗಳ ಕೆಳಗೆ ಪುಡಿಹಿಮ ರಾಶಿ ಬೀಳುತ್ತದೆ. ಆಗ ಕೋಚ್ ಸೀಟಿ ಊದುತ್ತಾರೆ, ಮಕ್ಕಳೆಲ್ಲ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಹಿಡಿದು, ಸಾಲಾಗಿ, ಮೆಲ್ಲಗೆ ಕೆಳಗೆ ಜಾರುತ್ತ ಆ ಪುಡಿಯನ್ನು ಗುಡಿಸಿಕೊಂಡು ಬರುತ್ತಾರೆ. ನನ್ನ ಕಣ್ಣಿಗೆ ಅದು ಮಕ್ಕಳಿಂದ ಮಾಡಿಸಿಕೊಳ್ಳುವ ಬಿಟ್ಟಿ ಚಾಕರಿಯಾಗಿತ್ತು. ಆದರೆ ಅಂಚಿನ ಮೇಲೆ ಎಷ್ಟು ಒತ್ತಿದರೆ ನಿಲ್ಲುತ್ತದೆ, ಎಷ್ಟು ಸಡಿಲಿಸಿದರೆ ಜಾರುತ್ತದೆ ಎಂಬ ಕೂದಲೆಳೆಯ ವ್ಯತ್ಯಾಸವನ್ನು ಕಾಲಿಗೆ ಕಲಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಜಾರುತ್ತ ಬರುವಾಗ ಪ್ರತಿ ಗೇಟಿನ ಬಳಿ ಹಿಮ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂಬುದನ್ನೂ ಅವರು ನೋಡಿಕೊಳ್ಳುತ್ತಾರೆ. ಲಿಫ್ಟಿನಲ್ಲಿ ಮೇಲೇರುವಾಗ ಮಗಳು ಕಣ್ಣು ಮುಚ್ಚಿಕೊಂಡು, ಕೈಗವಸಿನ ಅಂಗೈಯನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ ಇಡೀ ದಾರಿಯನ್ನು ಮನಸ್ಸಿನಲ್ಲೇ ಇಳಿಯುವುದನ್ನು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿದೆ. ನಡುವೆ ಏನೋ ಕೇಳಿದ್ದಕ್ಕೆ, "ಅಪ್ಪ, ಸುಮ್ನಿರಿ, ಹದಿನಾಲ್ಕನೇ ಗೇಟಲ್ಲಿದೀನಿ" ಎಂದಳು. ಲಿಫ್ಟಿನ ಸಮಯವನ್ನು ಕಳೆದುಹೋದ ಸಮಯದ ಖಾತೆಗೆ ಬರೆದಿದ್ದವನು ನಾನು.

ಮೂರನೆಯ ವರ್ಷ ಮನಸ್ತಾಪದ್ದು. ವಯೋವರ್ಗಗಳನ್ನು ಹುಟ್ಟಿದ ವರ್ಷದ ಮೇಲೆ, ಜನವರಿಯಿಂದ ಡಿಸೆಂಬರಿಗೆ, ವಿಂಗಡಿಸುವುದರಿಂದ ನವೆಂಬರಿನಲ್ಲಿ ಹುಟ್ಟಿದ ನನ್ನ ಮಗಳು ಜನವರಿಯ ಮಕ್ಕಳಿಗಿಂತ ಹತ್ತು ತಿಂಗಳು ಚಿಕ್ಕವಳು. ಹನ್ನೊಂದರ ವಯಸ್ಸಿನಲ್ಲಿ ಹತ್ತು ತಿಂಗಳೆಂದರೆ ಸಣ್ಣದಲ್ಲ. ಅದರ ಮೇಲೆ ಮೈ ಬೆಳೆಯುವ ವೇಗ ಒಬ್ಬೊಬ್ಬರದು ಒಂದೊಂದು; ತೂಕವಿದ್ದವರು ಇಳಿಜಾರು ಕಡಿಮೆಯಿರುವಲ್ಲಿ ಸಲೀಸಾಗಿ ಜಾರುತ್ತಾರೆ, ಎತ್ತರವಿದ್ದವರಿಗೆ ಬಲ ಹೆಚ್ಚು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆಗಳಲ್ಲಿ ಹೆಚ್ಚಾಗಿ ಕಾಣುವುದನ್ನು ಆಲ್ಪೈನ್ ಸ್ಕೀಯಿಂಗಿನ ಸಂಶೋಧಕರೂ ಗುರುತಿಸಿದ್ದಾರೆ. ಋತುವಿನ ಕೊನೆಗೆ ನಮ್ಮ ಕ್ಲಬ್ಬಿನವರು ಮುಂದಿನ ಗುಂಪಿಗೆ ಮಕ್ಕಳನ್ನು ಆರಿಸಿದ್ದು ಎರಡೇ ರೇಸುಗಳ ಸಮಯವನ್ನು ನೋಡಿ. ಪಟ್ಟಿಯಲ್ಲಿದ್ದವರೆಲ್ಲ ಅವಳಿಗಿಂತ ಒಂದು ಗೇಣು ಎತ್ತರದವರು. ಹಾಗೆ ಆರಿಸುವುದು ಆಗಲೂ ನನಗೆ ಸರಿಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಹನ್ನೊಂದನೆಯ ವಯಸ್ಸಿನ ಸಮಯ ಹೇಳುವುದು ಮಗುವಿನ ಕೌಶಲವನ್ನು ಎಷ್ಟೋ, ಅದರ ಜನ್ಮದಿನವನ್ನೂ ಅಷ್ಟೇ. ಮಗಳು ಅತ್ತಳು. ಎರಡು ದಿನದ ನಂತರ ಗಿಡ್ಡ ಗೇಟುಗಳ ಹಳೆಯ ಗುಂಪಿಗೇ ಹೋದಳು.

ಸಮಯವನ್ನು ಅಳೆಯುವುದು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿಯುವ ಮಗು ಅಷ್ಟು ಹೊತ್ತಿನಲ್ಲಿ ಸಾಗುವುದು ಸುಮಾರು 11 ಸೆಂಟಿಮೀಟರ್, ಅಂದರೆ ಅರ್ಧ ಗೇಣು. 2014ರ ಒಲಿಂಪಿಕ್ಸ್‌ನ ಮಹಿಳೆಯರ ಡೌನ್‌ಹಿಲ್‌ನಲ್ಲಿ ಟೀನಾ ಮಾಜೆ ಮತ್ತು ಡೊಮಿನಿಕ್ ಗಿಸಿನ್ ಅವರಿಬ್ಬರ ಸಮಯ ಆ ಅರ್ಧ ಗೇಣಿನ ಮಟ್ಟದಲ್ಲೂ ಒಂದೇ ಆಗಿ, ಇಬ್ಬರಿಗೂ ಚಿನ್ನ ಕೊಟ್ಟರು. ಮಕ್ಕಳ ರೇಸುಗಳಲ್ಲಿ ಅಷ್ಟು ಸೂಕ್ಷ್ಮವಾಗಿ ಅಳೆಯುವುದರಲ್ಲಿ ಏನೋ ಅತಿಯಿದೆ ಅನ್ನಿಸುತ್ತದೆ. ಮಕ್ಕಳಿಗೆ ಮಾತ್ರ ಅದರ ಮೇಲೆ ಅಪಾರ ಪ್ರೀತಿ.

ಇಂಥ ರೇಸುಗಳು ನಡೆಯುವುದು ತಂದೆತಾಯಿಗಳ ದುಡಿಮೆಯಿಂದ. ನನಗೆ ಒಂದು ಸ್ಲಾಲಮ್‌ನಲ್ಲಿ ಗೇಟ್ ಜಡ್ಜ್ ಕೆಲಸ ಸಿಕ್ಕಿತು. ಕೈಯಲ್ಲೊಂದು ಕಾರ್ಡು, ದಾರಕ್ಕೆ ಕಟ್ಟಿದ ಪೆನ್ಸಿಲು, ಕಾಯಲು ನಾಲ್ಕು ಗೇಟು. ನಿಯಮ ಸರಳ: ಎರಡೂ ಸ್ಕೀಗಳ ತುದಿಗಳೂ ಎರಡೂ ಪಾದಗಳೂ ಗೇಟಿನ ಗೆರೆಯನ್ನು ದಾಟಬೇಕು. ಕಂಬ ಎರಡು ಕಾಲುಗಳ ನಡುವೆ ಹಾದು, ಹಿಂದಕ್ಕೆ ಹತ್ತಿ ಅದನ್ನು ಸರಿಪಡಿಸದಿದ್ದರೆ ಓಟ ಅನೂರ್ಜಿತ. ತಪ್ಪಾದರೆ ನಂಬರು ಬರೆದು, ಸ್ಕೀ ಹೋದ ದಾರಿಯನ್ನು ಚಿತ್ರದಲ್ಲಿ ಗೀಚಬೇಕು. ತಪ್ಪಿತೋ ಎಂಬ ಅನುಮಾನದಲ್ಲಿ ಸ್ಪರ್ಧಿ ಕೇಳಿದರೆ ಜಡ್ಜ್ ಹೇಳಬಹುದಾದದ್ದು ಎರಡೇ ಮಾತು: 'ಹೋಗು' ಅಥವಾ 'ಹಿಂದಕ್ಕೆ'. ಸಮಾಧಾನಕ್ಕೆ, ಸಲಹೆಗೆ ಅಲ್ಲಿ ಜಾಗವಿಲ್ಲ.

ಹಿಮ ಬೀಳುತ್ತಿತ್ತು, ಇಪ್ಪತ್ತೇಳನೆಯ ನಂಬರಿನ ಹುಡುಗ ನನ್ನ ಮೂರನೆಯ ಗೇಟಿನ ಕುಳಿಯಲ್ಲಿ ಒಳಸ್ಕೀಯ ಮೇಲೆ ಕುಳಿತುಬಿಟ್ಟ. ಜಾರುತ್ತ ಗೇಟನ್ನು ದಾಟಿ ನಾಲ್ಕು ಮೀಟರ್ ಕೆಳಗೆ ನಿಂತ. ಕನ್ನಡಕದ ತುಂಬ ಹಿಮ. ನನ್ನ ಕಡೆ ತಿರುಗಿ, "ಅಂಕಲ್, ಹೋಗ್ಲಾ?" ಎಂದು ಕೂಗಿದ. ಅವನ ಸ್ಕೀಯ ಗುರುತನ್ನು ನೋಡಿದೆ. ಕಂಬದ ಈಚೆಗೆ ಒಂದು ಗೆರೆ, ಆಚೆಗೆ ಒಂದು. ಗೊತ್ತಿದ್ದರೂ ಬಾಯಿ ಬರಲಿಲ್ಲ. ಎರಡು ಸೆಕೆಂಡು, ಅಂದರೆ ಇನ್ನೂರು ನೂರಂಶಗಳನ್ನು, ನಾನೇ ಅವನಿಂದ ಕಸಿದುಕೊಂಡೆ. ಆಮೇಲೆ "ಹಿಂದಕ್ಕೆ" ಎಂದೆ. ಅವನು ಮರುಮಾತಾಡದೆ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟು, ಒಂದೊಂದೇ ಹೆಜ್ಜೆ ಮೇಲಕ್ಕೆ ಹತ್ತತೊಡಗಿದ. ಅಂಚು ಊರುವುದು, ಭಾರ ಹಾಕುವುದು, ಇನ್ನೊಂದನ್ನು ಎತ್ತುವುದು. ಕೋರ್ಸ್ ಗುಡಿಸುವಾಗ ಕಲಿತ ಅದೇ ಕಾಲು. ಕಂಬವನ್ನು ಸುತ್ತಿ ಬಂದು, ಕನ್ನಡಕವನ್ನು ಹೆಬ್ಬೆರಳಿನಿಂದ ಒರೆಸಿಕೊಂಡು, ಮತ್ತೆ ಇಳಿದ. ಅಷ್ಟು ಹೊತ್ತಿಗೆ ಗೆಲ್ಲುವ ಮಾತು ಎಂದೋ ಮುಗಿದಿತ್ತು.

ಕಾರ್ಡಿನಲ್ಲಿ ಇಪ್ಪತ್ತೇಳರ ಮುಂದೆ ನಾನು ಏನನ್ನೂ ಬರೆಯುವ ಹಾಗಿರಲಿಲ್ಲ, ಏಕೆಂದರೆ ಗೇಟು ಈಗ ಸರಿಯಾಗಿತ್ತು. ಮೇಲಿನಿಂದ ಸೀಟಿ ಕೇಳಿಸಿತು. ಪೆನ್ಸಿಲಿನ ಮೇಲೆ ಕೂತ ಹಿಮವನ್ನು ಊದಿ, ಮುಂದಿನ ನಂಬರಿಗೆ ಕಾದೆ.